ದುಡಿಮೆ ಕಲಿಸಿದ ಕಠಿಣ ಪಾಠಗಳು

(ಮಿಲ್ ಕಾರ್ಮಿಕರು ಮತ್ತು ಸಣ್ಣ ವ್ಯಾಪಾರಿಗಳು ಸೇರಿದ್ದ ಅಭ್ಯಾಸ ಸಭೆಯಲ್ಲಿ ಮಾಡಿದ ಭಾಷಣ. ಸಭೆಗೆ ಬರಲಾಗದವರ ಕೋರಿಕೆಯಂತೆ ಇಲ್ಲಿ ಕೊಟ್ಟಿದೆ.)



ಪಾಳಿ ಮುಗಿಸಿಕೊಂಡು ಮನೆಗೂ ಹೋಗದೆ ನೇರವಾಗಿ ಇಲ್ಲಿಗೆ ಬಂದವರಿದ್ದೀರಿ. ಅಂಗಡಿಯನ್ನು ಮಕ್ಕಳ ಕೈಗೆ ಬಿಟ್ಟು ಬಂದವರಿದ್ದೀರಿ. ಆದುದರಿಂದ ಸುತ್ತು ಬಳಸದೆ ವಿಷಯಕ್ಕೆ ಬರುತ್ತೇವೆ.

ಮುಂದಿನ ಭಾನುವಾರ ಮಿಲ್ಲಿನ ಕಾರ್ಮಿಕರು ಸಭೆ ಸೇರಿ, ಮುಷ್ಕರದ ನೋಟೀಸು ಕೊಡಬೇಕೇ ಬೇಡವೇ ಎಂಬುದನ್ನು ತೀರ್ಮಾನಿಸಲಿದ್ದಾರೆ. ಸಂಬಳದಿಂದ ಮುರಿದುಕೊಂಡ ಭವಿಷ್ಯನಿಧಿಯ ಹಣ ಐದು ತಿಂಗಳಿಂದ ಖಾತೆಗೆ ಜಮೆಯಾಗಿಲ್ಲ. ಬದಲಿ ಕಾರ್ಮಿಕರಿಗೆ ವಾರಕ್ಕೆ ಮೂರು ದಿನವೂ ಕೆಲಸ ಸಿಗುತ್ತಿಲ್ಲ. ಮುಷ್ಕರವಾದರೆ ಮಿಲ್ಲಿನ ಸುತ್ತಲ ಅಂಗಡಿಗಳಲ್ಲಿ ಉದ್ರಿ ಬೆಳೆಯುತ್ತದೆ. ಹೀಗೆ ಇದು ಇಬ್ಬರ ಪ್ರಶ್ನೆಯೂ ಆಗಿದೆ. ಮುಷ್ಕರ ಮಾಡಿ ಎಂದಾಗಲಿ, ಬೇಡ ಎಂದಾಗಲಿ ಹೇಳಲು ನಾವು ಬಂದಿಲ್ಲ. ಆ ತೀರ್ಮಾನ ನಿಮ್ಮದು. ಆದರೆ ನಮಗಿಂತ ಮೊದಲು ದುಡಿದವರು ಪೆಟ್ಟು ತಿಂದು ಕಲಿತ ಕೆಲವು ಪಾಠಗಳಿವೆ. ಅವನ್ನು ಕೇಳಿ ಆಮೇಲೆ ಕೈ ಎತ್ತಿರಿ.

ಮೊದಲನೆಯ ಪಾಠ ಸಹಿಯದು. ನಾವು ಕೆಲವು ವರ್ಷ ಒಂದು ಖಾಸಗಿ ಶಾಲೆಯಲ್ಲಿ ಮಾಸ್ತರಿಕೆ ಮಾಡಿದೆವು. ಸಂಬಳದ ಪುಸ್ತಕದಲ್ಲಿ ಒಂದು ಮೊತ್ತಕ್ಕೆ ಸಹಿ, ಬ್ಯಾಂಕಿಗೆ ಅಷ್ಟೇ ಮೊತ್ತ ಜಮೆ. ಲೆಕ್ಕ ಚೊಕ್ಕಟ. ಆದರೆ ಮರುದಿನ ಅದರಲ್ಲಿ ಒಂದು ಭಾಗವನ್ನು ನಗದಾಗಿ ಆಫೀಸಿಗೆ ತಂದು ಕೊಡಬೇಕಿತ್ತು. ಅದಕ್ಕೆ ರಸೀದಿ ಇಲ್ಲ. 'ನಿಮ್ಮ ಸಂಬಳದ ವಿಷಯ ಬೇರೆಯವರ ಹತ್ತಿರ ಮಾತಾಡಬೇಡಿ' ಎಂಬ ಎಚ್ಚರಿಕೆಯೂ ಜೊತೆಗಿತ್ತು. ಒಬ್ಬೊಬ್ಬ ಮಾಸ್ತರನೂ ತನಗೆ ಮಾತ್ರ ಹೀಗಾಗುತ್ತಿದೆ ಎಂದು ನಂಬಿ ತಲೆ ತಗ್ಗಿಸಿಕೊಂಡಿದ್ದ. ಒಂದು ದಿನ ಚಹದ ಹೊತ್ತಿನಲ್ಲಿ ಒಬ್ಬರು ಬಾಯಿಬಿಟ್ಟರು; ಹನ್ನೊಂದು ಜನರದೂ ಒಂದೇ ಕಥೆಯೆಂದು ಆಗ ತಿಳಿಯಿತು. ಮಾಲೀಕನ ಬಲವಿದ್ದದ್ದು ಆತನ ಹಣದಲ್ಲಿ ಮಾತ್ರವಲ್ಲ, ನಮ್ಮ ನಮ್ಮೊಳಗಿನ ಮೌನದಲ್ಲಿಯೂ ಇತ್ತು. ಮಿಲ್ಲಿನಲ್ಲಿಯೂ ಹಾಗೆಯೇ. ಸಂಬಳದ ಚೀಟಿಯನ್ನು ಮುಚ್ಚಿಟ್ಟುಕೊಳ್ಳಬೇಡಿ. ನಿಮ್ಮ ಚೀಟಿಯನ್ನು ಪಕ್ಕದ ಮಗ್ಗದವನ ಚೀಟಿಯ ಜೊತೆ ಇಟ್ಟು ನೋಡಿ. ಓದದೆ ಸಹಿ ಮಾಡಬೇಡಿ; ಬರೆಯದ ಕಾಗದಕ್ಕಂತೂ ಹೆಬ್ಬೆಟ್ಟು ಒತ್ತಲೇಬೇಡಿ.

ಎರಡನೆಯ ಪಾಠ ಅಹಮದಾಬಾದಿನದು. ೧೯೧೭ರಲ್ಲಿ ಅಲ್ಲಿ ಪ್ಲೇಗು ಬಂದಿತ್ತು. ಕೆಲಸಗಾರರು ಊರು ಬಿಟ್ಟು ಓಡದಿರಲೆಂದು ಮಾಲೀಕರು 'ಪ್ಲೇಗ್ ಬೋನಸ್' ಕೊಟ್ಟರು. ರೋಗ ಇಳಿಯಿತು, ಬೋನಸ್ಸೂ ನಿಲ್ಲುವುದೆಂದರು. ಆದರೆ ಯುದ್ಧಕಾಲದ ತುಟ್ಟಿ ಇಳಿದಿರಲಿಲ್ಲ. ಕಾರ್ಮಿಕರು ಮೊದಲು ಶೇಕಡ ೫೦ ಕೇಳುತ್ತಿದ್ದರು. ಮಾಲೀಕರು ೨೦ಕ್ಕಿಂತ ಮೇಲೆ ಏರಲಿಲ್ಲ. ಆಗ ಗಾಂಧೀಜಿ ಧಾನ್ಯದ ಧಾರಣೆ, ಮುಂಬಯಿಯ ಕೂಲಿ, ಮಿಲ್ಲುಗಳ ಸ್ಥಿತಿ ಇವನ್ನೆಲ್ಲ ವಿಚಾರಿಸಿ ಶೇಕಡ ೩೫ ನ್ಯಾಯವೆಂದರು. ಕಾರ್ಮಿಕರು ೫೦ರಿಂದ ಕೆಳಗಿಳಿದು ಅದಕ್ಕೆ ಒಪ್ಪಿದರು. ೧೯೧೮ರ ಫೆಬ್ರವರಿಯಲ್ಲಿ ಮಾಲೀಕರು ಮಿಲ್ಲುಗಳ ಬಾಗಿಲು ಹಾಕಿದರು. ಮಾಲೀಕರ ಮುಂದಾಳು ಅಂಬಾಲಾಲ ಸಾರಾಭಾಯಿ. ಕಾರ್ಮಿಕರ ಪಕ್ಷದಲ್ಲಿ ನಿಂತವರು ಅವರ ಸ್ವಂತ ಅಕ್ಕ ಅನಸೂಯಾಬೆನ್.

ಈ ಹೋರಾಟದಲ್ಲಿ ಎರಡು ಸಂಗತಿಗಳನ್ನು ನೆನಪಿಡಬೇಕು. ಒಂದು, ಕೇಳುವ ಮೊತ್ತಕ್ಕೆ ಲೆಕ್ಕವಿತ್ತು. ಎರಡು, ಭಿಕ್ಷೆಯ ಮೇಲೆ ಮುಷ್ಕರ ನಡೆಸಬಾರದೆಂಬ ಕಟ್ಟಳೆಯಿತ್ತು. ಬೇರೆ ದುಡಿಮೆ ಮಾಡಿ ಹೊಟ್ಟೆ ಹೊರೆಯಬೇಕೆಂದು ನಿಶ್ಚಯಿಸಿ, ಅನೇಕರು ಸಾಬರಮತಿ ಆಶ್ರಮದಲ್ಲಿ ಕಟ್ಟುತ್ತಿದ್ದ ನೇಯ್ಗೆ ಶಾಲೆಗೆ ಮರಳು ಹೊತ್ತರು. ಆದರೂ ದಿನ ಕಳೆದಂತೆ ಉತ್ಸಾಹ ಕುಗ್ಗಿತು. ಕೊನೆಗೆ ಗಾಂಧೀಜಿ ಉಪವಾಸ ಹಿಡಿದರು. ಮೂರು ದಿನಗಳಲ್ಲಿ ರಾಜಿಯಾಯಿತು. ಪಂಚರಾಗಿ ನೇಮಕವಾದ ಆನಂದಶಂಕರ ಧ್ರುವರು ಮುಂದೆ ೩೫ ಎಂದೇ ತೀರ್ಪು ಕೊಟ್ಟರು. ಲೆಕ್ಕವಿಟ್ಟು ಕೇಳಿದ ಮೊತ್ತ ಪಂಚರ ಮುಂದೆಯೂ ನಿಂತಿತು. ಭಾನುವಾರದ ಸಭೆಗೆ ಮುಂಚೆ ನೀವೂ ಲೆಕ್ಕ ಮಾಡಿ. ಎಷ್ಟು ಜನರ ಹಣ, ಎಷ್ಟು ತಿಂಗಳು, ಒಟ್ಟು ಎಷ್ಟು? 'ನಮಗೆ ಮೋಸವಾಗಿದೆ' ಎಂಬ ಕೂಗಿಗಿಂತ ಲೆಕ್ಕದ ಒಂದು ಹಾಳೆ ಬಲವಾದದ್ದು.

ಮೂರನೆಯ ಪಾಠ ಮದರಾಸಿನದು. ಇದನ್ನು ಹೇಳುವಾಗ ನೋವಾಗುತ್ತದೆ, ಆದರೂ ಹೇಳಲೇಬೇಕು. ೧೯೧೮ರಲ್ಲಿ ಪೆರಂಬೂರಿನಲ್ಲಿ ಬಿನ್ನಿ ಕಂಪನಿಯ ಬಕಿಂಗ್‌ಹ್ಯಾಮ್ ಮತ್ತು ಕರ್ನಾಟಿಕ್ ಮಿಲ್ಲುಗಳ ಕಾರ್ಮಿಕರು ಮದರಾಸ್ ಲೇಬರ್ ಯೂನಿಯನ್ ಕಟ್ಟಿದರು. ಬಿ. ಪಿ. ವಾಡಿಯಾ ಅದರ ಅಧ್ಯಕ್ಷರು. ನಮ್ಮ ದೇಶದಲ್ಲಿ ಕ್ರಮಬದ್ಧವಾಗಿ ಕಟ್ಟಿದ ಮೊದಲ ಸಂಘಗಳಲ್ಲಿ ಅದೊಂದು. ಕಂಪನಿ ಹೈಕೋರ್ಟಿಗೆ ಹೋಗಿ ಸಂಘದ ಮುಖಂಡರ ಮೇಲೆ ತಡೆಯಾಜ್ಞೆ ತಂದಿತು. ಸಂಘ ಕಟ್ಟುವುದೇ ತಪ್ಪಾಗಬಾರದೆಂಬ ಕೂಗು ಎದ್ದದ್ದು ಆಗ; ೧೯೨೬ರ ಟ್ರೇಡ್ ಯೂನಿಯನ್ ಕಾಯಿದೆ ಬಂದದ್ದು ಅದರ ಫಲ.

ಆದರೆ ೧೯೨೧ರ ದೊಡ್ಡ ಮುಷ್ಕರದಲ್ಲಿ ಆದದ್ದೇನು? ಹೊಟ್ಟೆಗಿಲ್ಲದ ಆದಿದ್ರಾವಿಡ ಕಾರ್ಮಿಕರಲ್ಲಿ ಬಹಳ ಮಂದಿ ಕೆಲಸಕ್ಕೆ ಮರಳಿದರು. ಉಳಿದವರು ಅವರನ್ನು ಶತ್ರುಗಳೆಂದು ಕಂಡರು. ಪುಳಿಯಂತೋಪಿನಲ್ಲಿ ಗುಡಿಸಲುಗಳಿಗೆ ಬೆಂಕಿ ಬಿತ್ತು, ಬಡಿದಾಟವಾಯಿತು, ಗೋಲಿಬಾರಾಯಿತು. ತಿಂಗಳುಗಟ್ಟಲೆ ನಡೆದ ಮುಷ್ಕರ ಮುರಿದುಬಿತ್ತು. ಕೆಲಸಕ್ಕೆ ಮರಳಿದವರನ್ನು ದೂರುವುದು ಸುಲಭ. ಆದರೆ ಕೇಳಬೇಕಾದ ಪ್ರಶ್ನೆ ಬೇರೆ. ಮುಷ್ಕರಕ್ಕೆ ಮುಂಚೆ ಅವರ ಕೇರಿಗೆ ಯಾರು ಹೋಗಿದ್ದರು? ಅವರ ಜೊತೆ ಕುಳಿತು ಯಾರು ಉಂಡಿದ್ದರು? ದಿನವೂ ದೂರ ಇಟ್ಟವನನ್ನು ಮುಷ್ಕರದ ದಿನ ಮಾತ್ರ 'ತಮ್ಮಾ' ಎಂದು ಕರೆದರೆ ಆತ ಏಕೆ ಬರಬೇಕು? ನಮ್ಮ ಮಿಲ್ಲಿನಲ್ಲಿ ಕಾಯಮ್ ಕಾರ್ಮಿಕರಿಗೂ ಬದಲಿಗಳಿಗೂ ನಡುವೆ, ಕಂಟ್ರಾಕ್ಟಿನ ಮೇಲೆ ಕಸ ಗುಡಿಸುವ ಹೆಂಗಸರಿಗೂ ಉಳಿದವರಿಗೂ ನಡುವೆ ಇರುವ ಗೋಡೆಯನ್ನು ಒಮ್ಮೆ ನೋಡಿರಿ. ಆ ಗೋಡೆಯನ್ನು ಮಾಲೀಕರೊಬ್ಬರೇ ಕಟ್ಟಿದ್ದಲ್ಲ. ಭಾನುವಾರದ ಸಭೆಗೆ ಬದಲಿಗಳನ್ನೂ ಆ ಹೆಂಗಸರನ್ನೂ ಕರೆಯದಿದ್ದರೆ, ಸಭೆ ಎಷ್ಟೇ ದೊಡ್ಡದಿದ್ದರೂ ಅದು ಅರೆ ಸಭೆಯೇ.

ನಾಲ್ಕನೆಯ ಪಾಠ ಮುಂಬಯಿಯದು. ೧೯೮೨ರ ಜನವರಿ ೧೮ರಂದು ಅಲ್ಲಿಯ ಸುಮಾರು ಎರಡೂವರೆ ಲಕ್ಷ ಜವಳಿ ಕಾರ್ಮಿಕರು ಡಾ. ದತ್ತಾ ಸಾಮಂತರ ನಾಯಕತ್ವದಲ್ಲಿ ಮುಷ್ಕರ ಹೂಡಿದರು. ಅವರ ಬೇಡಿಕೆಗಳು ಅನ್ಯಾಯದವಲ್ಲ: ಸಂಬಳ ಏರಬೇಕು, ಬದಲಿಗಳು ಕಾಯಮ್ ಆಗಬೇಕು, ತಮಗೆ ಬೇಕಾದ ಸಂಘಕ್ಕೆ ಮಾನ್ಯತೆ ಸಿಗಬೇಕು. ೧೯೪೬ರ ಕಾಯಿದೆಯ ಬಲದಿಂದ ಒಂದೇ ಸಂಘ ಎಲ್ಲರ ಪರವಾಗಿ ಮಾತಾಡುತ್ತಿತ್ತು. ಕಾರ್ಮಿಕರಿಗೆ ಅದರಲ್ಲಿ ನಂಬಿಕೆ ಉಳಿದಿರಲಿಲ್ಲ. ಒಗ್ಗಟ್ಟಿಗೆ ಕೊರತೆಯಿರಲಿಲ್ಲ, ಧೈರ್ಯಕ್ಕೂ ಇರಲಿಲ್ಲ. ವರ್ಷ ಕಳೆದರೂ ಮುಷ್ಕರ ಮುಗಿಯಲಿಲ್ಲ. ಮುಗಿಯಿತೆಂದು ಯಾರೂ ವಿಧ್ಯುಕ್ತವಾಗಿ ಸಾರಲೂ ಇಲ್ಲ. ಕೊಂಕಣ, ಸಾತಾರ ಕಡೆಯ ಹಳ್ಳಿಗಳಿಗೆ ಹಿಂದಿರುಗಿದವರು ಎಷ್ಟೋ ಮಂದಿ. ಮಿಲ್ಲುಗಳು ನಿಂತರೂ ಬಟ್ಟೆ ನಿಲ್ಲಲಿಲ್ಲ. ಭಿವಂಡಿಯಂಥ ಊರುಗಳ ವಿದ್ಯುತ್ ಮಗ್ಗಗಳಲ್ಲಿ ನೇಯ್ಗೆ ನಡೆಯಿತು. ಮುಂದೆ ಗಿರಣಗಾಂವಿನ ಮಿಲ್ಲುಗಳ ಜಾಗದಲ್ಲಿ ಅಂಗಡಿ ಸಂಕೀರ್ಣಗಳೂ ಗಗನಚುಂಬಿ ಮನೆಗಳೂ ಎದ್ದವು. ಅಲ್ಲಿ ಮಗ್ಗಕ್ಕಿಂತ ನೆಲವೇ ಹೆಚ್ಚು ಬೆಲೆಯದಾಗಿತ್ತು.

ಈ ಪಾಠ ಮುಷ್ಕರ ಬೇಡವೆಂಬುದಲ್ಲ. ಮಾಲೀಕನಿಗೆ ಈಗ ನಮ್ಮ ದುಡಿಮೆ ಬೇಕಾಗಿದೆಯೇ, ಅಥವಾ ಬಾಗಿಲು ಹಾಕಲು ಆತ ನೆಪ ಹುಡುಕುತ್ತಿದ್ದಾನೆಯೇ ಎಂದು ಮೊದಲು ತಿಳಿಯಬೇಕು. ಗೋದಾಮಿನಲ್ಲಿ ಮಾಲು ಎಷ್ಟಿದೆ, ಹತ್ತಿ ಎಷ್ಟು ದಿನಕ್ಕೆ ಸಾಲುತ್ತದೆ, ಆರ್ಡರು ಇದೆಯೇ, ಮಿಲ್ಲಿನ ನೆಲದ ಮೇಲೆ ಯಾರ ಕಣ್ಣಿದೆ ಎಂಬುದನ್ನು ಕಂಡುಕೊಳ್ಳಬೇಕು. ಗೋದಾಮು ತುಂಬಿರುವಾಗ ಮುಷ್ಕರ ಹೂಡಿದರೆ ಅದು ಮಾಲೀಕನಿಗೆ ಸಂಬಳವಿಲ್ಲದ ರಜೆ ಕೊಟ್ಟಂತೆ. ಎಲ್ಲಿಗೆ ಬಂದರೆ ರಾಜಿ ಎಂಬುದನ್ನು ಮುಷ್ಕರ ಹೂಡುವ ದಿನವೇ ನಿಶ್ಚಯಿಸಿಕೊಳ್ಳಬೇಕು. ಒಂದು ಕಾಲದಲ್ಲಿ ದಾವಣಗೆರೆಗೆ 'ಕರ್ನಾಟಕದ ಮ್ಯಾಂಚೆಸ್ಟರ್' ಎಂಬ ಹೆಸರಿತ್ತು. ಆ ಹತ್ತಿ ಮಿಲ್ಲುಗಳ ಕಾಲ ಮುಗಿದು ಹೋಯಿತು. ಬಾಗಿಲು ಹಾಕಿದ ಮಿಲ್ಲನ್ನು ಮತ್ತೆ ತೆರೆಸುವುದು ಎಷ್ಟು ಕಷ್ಟವೆಂಬುದನ್ನು ನಮ್ಮ ಸೀಮೆಯವರಿಗೆ ಬೇರೆ ಯಾರೂ ಹೇಳಬೇಕಾಗಿಲ್ಲ.

ಐದನೆಯದು ಪ್ರಾಣದ ಪಾಠ. ಬಾಂಗ್ಲಾದೇಶದ ಢಾಕಾ ಬಳಿಯ ಸಾವಾರದಲ್ಲಿ ರಾಣಾ ಪ್ಲಾಜಾ ಎಂಬ ಕಟ್ಟಡವಿತ್ತು. ಕೆಳಗೆ ಬ್ಯಾಂಕು ಮತ್ತು ಅಂಗಡಿಗಳು, ಮೇಲೆ ಸಿದ್ಧ ಉಡುಪಿನ ಕಾರ್ಖಾನೆಗಳು. ೨೦೧೩ರ ಏಪ್ರಿಲ್ ೨೩ರಂದು ಗೋಡೆ ಕಂಬಗಳಲ್ಲಿ ಬಿರುಕು ಕಂಡಿತು. ಮರುದಿನ ಬ್ಯಾಂಕಿನವರು ತಮ್ಮ ನೌಕರರನ್ನು ಒಳಗೆ ಬಿಡಲಿಲ್ಲ. ಉಡುಪಿನ ಕಾರ್ಖಾನೆಯವರು ಮಾತ್ರ ಕೆಲಸಕ್ಕೆ ಬನ್ನಿ, ಇಲ್ಲವಾದರೆ ಸಂಬಳ ಕಡಿತವೆಂದರು. ಆ ಬೆಳಗ್ಗೆಯೇ ಕಟ್ಟಡ ಕುಸಿದು ೧,೧೩೪ ಮಂದಿ ಸತ್ತರು. ಅವರಲ್ಲಿ ಹೆಚ್ಚಿನವರು ಹೆಂಗಸರು. ಒಂದೇ ಬಿರುಕನ್ನು ಎಲ್ಲರೂ ಕಂಡಿದ್ದರು. 'ನಾವು ಒಳಗೆ ಹೋಗುವುದಿಲ್ಲ' ಎಂದು ಒಟ್ಟಾಗಿ ಹೇಳಲು ಆ ಕಾರ್ಖಾನೆಗಳಲ್ಲಿ ಸಂಘವಿರಲಿಲ್ಲ. ಸಂಘವೆಂದರೆ ಬೋನಸ್ಸಿಗೆ ಮಾತ್ರ ಎಂದು ತಿಳಿದವರು ಇದನ್ನು ಯೋಚಿಸಬೇಕು. ನಮ್ಮ ಬ್ಲೋ ರೂಮಿನ ಹತ್ತಿ ಧೂಳು, ಬೀಗ ಹಾಕಿದ ಹಿಂಬಾಗಿಲು, ಇವೂ ಬೇಡಿಕೆ ಪಟ್ಟಿಯಲ್ಲಿ ಬರಬೇಕು.

ಆರನೆಯ ಪಾಠ ನಮ್ಮದೇ ರಾಜ್ಯದ ಹೆಣ್ಣುಮಕ್ಕಳು ಕಲಿಸಿದ್ದು. ೨೦೧೬ರಲ್ಲಿ ಕೇಂದ್ರ ಸರ್ಕಾರ ಹೊಸ ನಿಯಮ ತಂದು, ಭವಿಷ್ಯನಿಧಿಯಲ್ಲಿ ಮಾಲೀಕರು ಕಟ್ಟಿದ ಪಾಲನ್ನು ೫೮ ವಯಸ್ಸಾಗುವವರೆಗೆ ತೆಗೆಯುವಂತಿಲ್ಲ ಎಂದಿತು. ಏಪ್ರಿಲ್ ೧೮ ಮತ್ತು ೧೯ರಂದು ಬೆಂಗಳೂರಿನ ಗಾರ್ಮೆಂಟ್ ಕಾರ್ಖಾನೆಗಳಿಂದ ಲಕ್ಷಕ್ಕೂ ಮಿಕ್ಕಿ ಜನ ರಸ್ತೆಗಿಳಿದರು. ಹೆಚ್ಚಿನವರು ಹೆಂಗಸರು, ಬಹಳ ಮಂದಿಗೆ ಸಂಘವೇ ಇರಲಿಲ್ಲ. ಸರ್ಕಾರ ನಿಯಮವನ್ನು ಹಿಂತೆಗೆದುಕೊಂಡಿತು. ಮಗಳ ಮದುವೆ, ಮನೆಯ ಬಾಡಿಗೆ, ಆಸ್ಪತ್ರೆ ಇವೆಲ್ಲಕ್ಕೂ ಆ ಹಣವೇ ಆಧಾರವೆಂದು ಅವರಿಗೆ ಗೊತ್ತಿತ್ತು. ಇಂದಿನ ಸಭೆಯಲ್ಲಿ ತಾಯಂದಿರು ಹಿಂದಿನ ಸಾಲಿನಲ್ಲಿ ಕುಳಿತಿದ್ದಾರೆ. ಭಾನುವಾರ ಅವರು ಮುಂದಿನ ಸಾಲಿಗೆ ಬರಲಿ.

ಈಗ ಕಾನೂನಿನ ಮಾತು. ಹಳೆಯ ೨೯ ಕಾರ್ಮಿಕ ಕಾಯಿದೆಗಳನ್ನು ಸೇರಿಸಿ ಮಾಡಿದ ನಾಲ್ಕು ಸಂಹಿತೆಗಳನ್ನು ೨೦೨೫ರ ನವೆಂಬರ್ ೨೧ರಿಂದ ಜಾರಿಗೆ ತಂದಿದ್ದಾರೆ. ಅದರಂತೆ ಯಾವ ಕಾರ್ಖಾನೆಯಲ್ಲಿಯೇ ಆಗಲಿ, ೧೪ ದಿನ ಮುಂಚೆ ನೋಟೀಸು ಕೊಡದೆ ಮುಷ್ಕರ ಹೂಡುವಂತಿಲ್ಲ. ಅರ್ಧಕ್ಕರ್ಧ ಜನ ಒಂದೇ ದಿನ ರಜೆ ಹಾಕಿದರೆ ಅದೂ ಮುಷ್ಕರವೇ. ರಾಜಿ ಅಧಿಕಾರಿಯ ಮುಂದೆ ಮಾತುಕತೆ ನಡೆಯುತ್ತಿರುವಾಗಲೂ ಮುಷ್ಕರ ಕೂಡದು. ೩೦೦ಕ್ಕಿಂತ ಕಡಿಮೆ ಕಾರ್ಮಿಕರಿರುವ ಕಾರ್ಖಾನೆಗಳು ಸರ್ಕಾರದ ಮುಂಗಡ ಅಪ್ಪಣೆಯಿಲ್ಲದೆ ಜನರನ್ನು ಕಡಿಮೆ ಮಾಡಬಹುದು. ಮೊದಲು ಆ ಮಿತಿ ೧೦೦ ಇತ್ತು. ಇವು ನಮಗೆ ಬಿಗಿಯಾದ ಕಟ್ಟುಗಳು. ಕಟ್ಟನ್ನು ಬದಲಿಸಲು ಹೋರಾಡೋಣ. ಆದರೆ ಕಟ್ಟು ಇಲ್ಲವೆಂದು ತಿಳಿದು ಬೀಳುವುದು ಬೇಡ.

ನಮ್ಮ ಕಡೆಗಿರುವುದೂ ಇದೆ. ತಿಂಗಳ ಸಂಬಳ ಮುಂದಿನ ತಿಂಗಳ ೭ನೇ ತಾರೀಖಿನೊಳಗೆ ಬಟವಾಡೆಯಾಗಬೇಕು. ಹೆಚ್ಚು ಹೊತ್ತಿನ ಕೆಲಸಕ್ಕೆ ಎರಡರಷ್ಟು ಕೂಲಿ. ಪ್ರತಿಯೊಬ್ಬನಿಗೂ ನೇಮಕದ ಪತ್ರ. ಎಲ್ಲಕ್ಕಿಂತ ಮುಖ್ಯವಾದದ್ದು, ಸಂಬಳದಿಂದ ಮುರಿದ ಭವಿಷ್ಯನಿಧಿಯ ಹಣವನ್ನು ಕಟ್ಟದಿರುವುದು ಬರಿಯ ತಡವಲ್ಲ, ನಂಬಿಕೆದ್ರೋಹದ ಅಪರಾಧ. ಆದ್ದರಿಂದ ನೋಟೀಸಿಗೆ ಮುಂಚೆಯೇ, ಎಲ್ಲರ ಸಹಿಯೊಂದಿಗೆ, ಐದು ತಿಂಗಳ ಸಂಬಳದ ಚೀಟಿಗಳ ಪ್ರತಿ ಇಟ್ಟು ಭವಿಷ್ಯನಿಧಿ ಕಚೇರಿಗೆ ದೂರು ಹೋಗಲಿ. ಅಲ್ಲಿಂದ ಪಡೆದ ಸ್ವೀಕೃತಿ ನಾಳೆ ಮಾತುಕತೆಯ ಮೇಜಿನ ಮೇಲೆ ನಮ್ಮ ಆಯುಧವಾಗುತ್ತದೆ. ನಿಮ್ಮ ಮೊಬೈಲಿನಲ್ಲಿಯೇ ಪಾಸ್‌ಬುಕ್ ನೋಡಬಹುದು. ಬಾರದವರಿಗೆ ನಮ್ಮ ರಾತ್ರಿ ಶಾಲೆಯ ಹುಡುಗರು ತೋರಿಸಿಕೊಡುತ್ತಾರೆ.

ಇನ್ನು ವ್ಯಾಪಾರಸ್ಥ ಮಿತ್ರರು. ನಿಮ್ಮಲ್ಲಿ ಒಬ್ಬರು ನೆಟ್ಟಗೆ ಕೇಳಿದರು: 'ಮುಷ್ಕರ ನಿಮ್ಮದು, ಸಾಲ ನಮ್ಮದೇ ಮಾಸ್ತರೇ?' ಇದು ನ್ಯಾಯವಾದ ಪ್ರಶ್ನೆ. ಕಿರಾಣಿ ಅಂಗಡಿಯವನೂ ಸಗಟು ವ್ಯಾಪಾರಿಗೆ ಬಾಕಿದಾರ. ಆತನ ಉದ್ರಿಗೂ ಒಂದು ಮಿತಿಯಿದೆ. ನಮ್ಮ ಉತ್ತರ ಇಷ್ಟು. ಮಿಲ್ಲಿನ ಸಂಬಳದ ಹಣ ನಿಮ್ಮ ಗಲ್ಲೆಗೆ ಬರುವ ಹಣ. ಐದು ತಿಂಗಳು ತಡೆದಿಟ್ಟಿರುವ ಹಣದಲ್ಲಿ ನಿಮ್ಮ ಪಾಲೂ ಇದೆ. ಆದರೆ ಅದನ್ನೇ ಹೇಳಿ ನಿಮ್ಮ ಮೇಲೆ ಹೊರೆ ಹೊರಿಸುವುದು ಸಲ್ಲದು. ಸಂಘವು ಮನೆಗೆ ಇಷ್ಟು ಅಕ್ಕಿ, ಜೋಳ, ಬೇಳೆ, ಎಣ್ಣೆ ಎಂದು ಮಿತಿ ಗೊತ್ತುಮಾಡಲಿ. ಪ್ರತಿ ಉದ್ರಿಯೂ ಎರಡು ಪುಸ್ತಕಗಳಲ್ಲಿ ಬರೆಯಲ್ಪಡಲಿ, ಒಂದು ಅಂಗಡಿಯಲ್ಲಿ, ಒಂದು ಮನೆಯಲ್ಲಿ. ಬಾಕಿ ಬಂದ ದಿನ ಮೊದಲ ಕಂತು ಅಂಗಡಿಗೆ ಸಲ್ಲಲಿ, ಅದಕ್ಕೆ ಸಂಘ ಜವಾಬ್ದಾರಿ ಹೊರಲಿ.

ಇದು ಈ ಒಂದು ಮುಷ್ಕರದ ಮಾತಾಯಿತು. ಮುಂದಿನದಕ್ಕೆ ಒಂದು ಪತ್ತಿನ ಸಂಘ ಬೇಕು. ೧೯೦೫ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರಿ ಸಂಘ ಕಟ್ಟಿದಾಗ ಅವರ ಹಿಂದೆ ಇದ್ದವರು ಹಳ್ಳಿಯ ರೈತರು, ಸಾಹುಕಾರರಲ್ಲ. ಅವರಿಗೆ ಆದದ್ದು ನಮಗೆ ಆಗದೇ? ಸುಭಿಕ್ಷದ ತಿಂಗಳಲ್ಲಿ ಕೂಡಿಟ್ಟದ್ದೇ ಕಷ್ಟದ ತಿಂಗಳಲ್ಲಿ ಬೆನ್ನೆಲುಬು. ಅಂಗಡಿಯ ಉದ್ರಿಯ ಮೇಲೆ ಮಾತ್ರ ನಿಂತ ಮುಷ್ಕರ ಅಂಗಡಿಯವನನ್ನೂ ಮುಳುಗಿಸಿ ತಾನೂ ಮುಳುಗುತ್ತದೆ.

ಬಂಧುಗಳೇ, ಭಾನುವಾರಕ್ಕೆ ಆರು ದಿನಗಳಿವೆ. ಅಷ್ಟರಲ್ಲಿ ನಾಲ್ಕು ಕೆಲಸ ಆಗಲಿ. ಖಾತೆಗೊಬ್ಬರಂತೆ ನಿಂತು ಬಾಕಿಯ ಲೆಕ್ಕ ಬರೆಯಿರಿ. ಬದಲಿಗಳ ಮನೆಗಳಿಗೂ ಕಂಟ್ರಾಕ್ಟಿನ ಹೆಂಗಸರ ಕೇರಿಗೂ ಹೋಗಿ ಬನ್ನಿ. ಗೋದಾಮಿನ ಸ್ಥಿತಿ ತಿಳಿದುಕೊಳ್ಳಿ. ಅಂಗಡಿಯವರೊಂದಿಗೆ ಒಮ್ಮೆ ಕುಳಿತು ಮಾತಾಡಿ. ಈ ನಾಲ್ಕೂ ಆದರೆ, ನೀವು ನೋಟೀಸು ಕೊಟ್ಟರೂ ಅದಕ್ಕೆ ತೂಕವಿರುತ್ತದೆ, ಕೊಡದೆ ಮಾತುಕತೆಗೆ ಹೋದರೂ ಆ ಮಾತಿಗೆ ತೂಕವಿರುತ್ತದೆ. ನಮಗಿಂತ ಮುಂಚಿನವರು ಈ ಪಾಠಗಳಿಗೆ ಕೆಲಸವನ್ನು, ಮನೆಯನ್ನು, ಕೆಲವರು ಪ್ರಾಣವನ್ನೇ ಶುಲ್ಕವಾಗಿ ತೆತ್ತಿದ್ದಾರೆ. ಅದೇ ಪಾಠಕ್ಕೆ ನಾವು ಮತ್ತೊಮ್ಮೆ ಶುಲ್ಕ ಕಟ್ಟಬೇಕಾಗಿಲ್ಲ.