ನಿಮ್ಮ ವೇಳಾಪಟ್ಟಿ ನಿಮ್ಮದೇ ಆಗಿರಲಿ



ಹೊಸ ವರ್ಷ ಬಂತೆಂದರೆ ಹತ್ತನೆಯ ತರಗತಿಯ ಮಕ್ಕಳಿರುವ ಮನೆಗಳಲ್ಲಿ ಒಂದು ಹಾಳೆ ಗೋಡೆಗೇರುತ್ತದೆ. ಕೆಂಪು, ಹಸಿರು ಶಾಯಿಯಲ್ಲಿ ಗೆರೆ ಎಳೆದು, ಬೆಳಗಿನ ನಾಲ್ಕರಿಂದ ರಾತ್ರಿ ಹನ್ನೊಂದರವರೆಗೆ ಗಂಟೆಗೊಂದು ವಿಷಯ ಹಂಚಿದ ವೇಳಾಪಟ್ಟಿ ಅದು. ಮೊದಲ ದಿನ ಎಲ್ಲವೂ ಅದರಂತೆಯೇ ನಡೆಯುತ್ತದೆ. ಎರಡನೆಯ ದಿನ ಅರ್ಧ. ಮೂರನೆಯ ಸಂಜೆ ನೆಂಟರು ಬರುತ್ತಾರೆ, ಇಲ್ಲವೇ ಕರೆಂಟು ಹೋಗುತ್ತದೆ. ವಾರ ಕಳೆಯುವಷ್ಟರಲ್ಲಿ ಆ ಗೋಡೆಯ ಕಡೆ ನೋಡಲು ನಿಮಗೇ ನಾಚಿಕೆ.

ನನ್ನ ತರಗತಿಯಲ್ಲಿ ಒಬ್ಬ ಹುಡುಗಿ ಇಂತಹ ಪಟ್ಟಿಯನ್ನು ಮೂರು ಬಾರಿ ಬರೆದು ಮೂರು ಬಾರಿ ಹರಿದಿದ್ದಳು. "ನಿನ್ನಲ್ಲಿ ಶಿಸ್ತಿಲ್ಲ" ಎಂದು ಗದರಿಬಿಟ್ಟೆ. ಅನಂತರ ಅವಳ ದಿನಚರಿ ಕೇಳಿದೆ. ಬೆಳಿಗ್ಗೆ ಹಸುವಿನ ಕೆಲಸ, ನೀರು. ಶಾಲೆಗೆ ಹೋಗಿ ಬರಲು ಬಸ್ಸಿನಲ್ಲಿ ಎರಡು ಗಂಟೆ. ಸಂಜೆ ತಮ್ಮನನ್ನು ನೋಡಿಕೊಳ್ಳಬೇಕು. ಅವಳ ಪಟ್ಟಿಯಲ್ಲಿ ಇವು ಯಾವುವೂ ಇರಲಿಲ್ಲ. ಪಟ್ಟಿ ಬೇರೆ ಯಾರದೋ ದಿನಕ್ಕೆ ಬರೆದದ್ದು. ಬೈಗುಳ ತಿಂದವಳು ಇವಳು. ತಪ್ಪು ನನ್ನದೇ.

ಆದ್ದರಿಂದ ವಿಷಯಗಳ ಹೆಸರು ಬರೆಯುವ ಮೊದಲು ನಿಮ್ಮ ದಿನವನ್ನು ಲೆಕ್ಕ ಹಾಕಿ. ಇಪ್ಪತ್ತನಾಲ್ಕು ಗಂಟೆಯಲ್ಲಿ ನಿದ್ರೆಗೆ ಏಳು, ಶಾಲೆಗೆ ಏಳು, ಪ್ರಯಾಣಕ್ಕೆ ಎರಡು, ಸ್ನಾನ ಊಟಕ್ಕೆ ಎರಡು, ಮನೆಗೆಲಸಕ್ಕೆ ಎರಡು. ಉಳಿದದ್ದು ನಾಲ್ಕು. ಶಾಲೆಯಿಂದ ಬಂದು ಸುಧಾರಿಸಿಕೊಳ್ಳಲು ಒಂದು ಗಂಟೆ ಬೇಡವೇ? ಹಾಗಾದರೆ ಮೂರೇ. ಬೇಸರಪಡಬೇಡಿ. ದಿನಕ್ಕೆ ಮೂರರಂತೆ ವಾರದಲ್ಲಿ ಆರು ದಿನ ಓದಿದರೆ ಹದಿನೆಂಟು ಗಂಟೆ; ಹತ್ತು ವಾರಕ್ಕೆ 180. ಆರು ವಿಷಯಗಳಿಗೆ ಹಂಚಿದರೆ ತಲಾ ಮೂವತ್ತು ಗಂಟೆ. ಗಣಿತ ಕಷ್ಟವೆನಿಸುವವರು ಕನ್ನಡದ ಪಾಲಿನಿಂದ ಐದಾರು ಗಂಟೆ ಕಡ ತೆಗೆದುಕೊಳ್ಳಬಹುದು. ಕನ್ನಡವನ್ನು ಪೂರ್ತಿ ಮರೆಯುವಷ್ಟಲ್ಲ.

ಹತ್ತು ವಾರ ಎಂದು ಏಕೆ ಹೇಳಿದೆ? ನಮ್ಮ ರಾಜ್ಯದ ಎಸ್.ಎಸ್.ಎಲ್.ಸಿ. ಪರೀಕ್ಷೆ 2024ರಲ್ಲಿ ಮಾರ್ಚ್ 25ರಂದು, 2025ರಲ್ಲಿ ಮಾರ್ಚ್ 21ರಂದು ಆರಂಭವಾಯಿತು. ನಿಮ್ಮ ಪರೀಕ್ಷೆಯ ದಿನಾಂಕವನ್ನು ಹಾಳೆಯ ಕೊನೆಯಲ್ಲಿ ಬರೆದು ಅಲ್ಲಿಂದ ಹಿಂದಕ್ಕೆ ಎಣಿಸುತ್ತ ಬನ್ನಿ. ಮುಂದಕ್ಕೆ ಎಣಿಸುವವರಿಗೆ ಯಾವಾಗಲೂ ಬಹಳ ದಿನಗಳಿರುವಂತೆ ಕಾಣುತ್ತದೆ.

ಇನ್ನು ಮುಖ್ಯವಾದ ಮಾತು. ಹೆಚ್ಚಿನ ಪಟ್ಟಿಗಳಲ್ಲಿ ಹೊಸ ಪಾಠಕ್ಕೆ ಜಾಗವಿರುತ್ತದೆ, ಓದಿದ ಪಾಠಕ್ಕೆ ಮರಳಲು ಜಾಗವಿರುವುದಿಲ್ಲ. ಜರ್ಮನಿಯ ಹರ್ಮನ್ ಎಬಿಂಗ್‌ಹಾಸ್ ಎಂಬ ಮನೋವಿಜ್ಞಾನಿ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾನೇ ಬಾಯಿಪಾಠ ಮಾಡಿ, ಎಷ್ಟು ಕಾಲದ ಮೇಲೆ ಎಷ್ಟು ಮರೆತೆನೆಂದು ಲೆಕ್ಕವಿಟ್ಟು 1885ರಲ್ಲಿ ಪ್ರಕಟಿಸಿದ. ಕಲಿತದ್ದರಲ್ಲಿ ಹೆಚ್ಚಿನ ಪಾಲು ಮೊದಲ ಕೆಲವು ಗಂಟೆ, ದಿನಗಳಲ್ಲೇ ಜಾರಿಹೋಗುತ್ತದೆ. ಆಮೇಲೆ ಮರೆವಿನ ವೇಗ ತಗ್ಗುತ್ತದೆ. ಒಂದೇ ಸಲ ಕುಳಿತು ಉರು ಹೊಡೆಯುವುದಕ್ಕಿಂತ ದಿನಗಳನ್ನು ಬಿಟ್ಟು ಬಿಟ್ಟು ಮರಳುವುದು ಮೇಲೆಂದೂ ಅವನು ಕಂಡುಕೊಂಡ. ನೀವು ಸೋಮವಾರ ಓದಿದ ಸಮಾಂತರ ಶ್ರೇಢಿಗೆ ಮಂಗಳವಾರ ಹತ್ತು ನಿಮಿಷ, ಮುಂದಿನ ಸೋಮವಾರ ಇಪ್ಪತ್ತು ನಿಮಿಷ, ತಿಂಗಳ ಕೊನೆಗೆ ಇನ್ನೊಮ್ಮೆ ಜಾಗ ಕೊಡಿ. ಮೂವತ್ತು ಗಂಟೆಯಲ್ಲಿ ಅರ್ಧ ಇದಕ್ಕೇ ಹೋಗಲಿ.

ಮರಳುವುದೆಂದರೆ ಅದೇ ಪುಟದ ಮೇಲೆ ಮತ್ತೆ ಕಣ್ಣಾಡಿಸುವುದಲ್ಲ. ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಒಂದು ಗದ್ಯಭಾಗವನ್ನು ಮತ್ತೆ ಮತ್ತೆ ಓದಿದ ವಿದ್ಯಾರ್ಥಿಗಳು ಐದು ನಿಮಿಷದ ನಂತರದ ಪರೀಕ್ಷೆಯಲ್ಲಿ ಮುಂದಿದ್ದರು. ಆದರೆ ಒಂದು ವಾರದ ನಂತರ ಮುಂದಿದ್ದವರು, ಪುಸ್ತಕ ನೋಡದೆ ನೆನಪಿನಿಂದ ಬರೆದು ಅಭ್ಯಾಸ ಮಾಡಿದವರು. ಓದುವಾಗ ಎಲ್ಲ ಗೊತ್ತಿದೆ ಎನಿಸುವುದು ನಮ್ಮನ್ನು ಮೋಸಗೊಳಿಸುತ್ತದೆ. ಪುಸ್ತಕ ಮುಚ್ಚಿ ಮಾನವನ ಹೃದಯದ ಚಿತ್ರ ಬರೆದು ಭಾಗಗಳನ್ನು ಗುರುತಿಸಿ. ತಪ್ಪುತ್ತೀರಿ. ತಪ್ಪಿದ್ದಷ್ಟನ್ನೇ ಪುಸ್ತಕ ತೆರೆದು ತಿದ್ದಿಕೊಳ್ಳಿ. ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತ ಥೇಲ್ಸ್ ಪ್ರಮೇಯವನ್ನು ಬಾಯಲ್ಲಿ ಹೇಳಿಕೊಳ್ಳುವುದೂ ಅಭ್ಯಾಸವೇ. ಅದಕ್ಕೆ ಪ್ರತ್ಯೇಕ ವೇಳೆ ಬೇಡ, ಕರೆಂಟೂ ಬೇಡ.

ಭಾನುವಾರವನ್ನು ಪಟ್ಟಿಯಲ್ಲಿ ಖಾಲಿ ಬಿಡಿ ಎಂದರೆ ತಂದೆತಾಯಿಗಳು ಹುಬ್ಬೇರಿಸುತ್ತಾರೆ. ಆ ವಾರ ತಪ್ಪಿಹೋದ ಪಾಠಗಳು ಬಂದು ಕುಳಿತುಕೊಳ್ಳುವ ಜಾಗ ಅದು. ನೆಂಟರು ಬಂದ ಸಂಜೆಯ ವಿಜ್ಞಾನ ಭಾನುವಾರ ಮಧ್ಯಾಹ್ನಕ್ಕೆ ಹೋಗುತ್ತದೆ. ಇಡೀ ಪಟ್ಟಿ ಕುಸಿಯುವುದಿಲ್ಲ. ಬೆಳಿಗ್ಗೆ ಮಾತ್ರ ಒಂದು ಕೆಲಸವಿರಲಿ: ಕೊನೆಯ ಐದಾರು ವಾರಗಳಲ್ಲಿ ಹತ್ತು ಗಂಟೆಗೆ ಸರಿಯಾಗಿ ಕುಳಿತು ಹಳೆಯ ಪ್ರಶ್ನೆಪತ್ರಿಕೆಯೊಂದನ್ನು ಪೂರ್ತಿ ಬರೆಯಿರಿ. ಗಣಿತದ ಪತ್ರಿಕೆ 80 ಅಂಕಗಳದ್ದು, ಬರೆಯಲು ಮೂರು ಗಂಟೆ; ಅಂದರೆ ಅಂಕವೊಂದಕ್ಕೆ ಎರಡು ನಿಮಿಷಕ್ಕಿಂತ ತುಸು ಹೆಚ್ಚು. ಎರಡು ಅಂಕದ ಲೆಕ್ಕದ ಮೇಲೆ ಹದಿನೈದು ನಿಮಿಷ ಕುಳಿತರೆ ಏನಾಗುತ್ತದೆಂದು ಮನೆಯಲ್ಲೇ ತಿಳಿಯುವುದು ಒಳ್ಳೆಯದು.

2024ರಲ್ಲಿ ಒಂದೇ ವರ್ಷದಲ್ಲಿ ಮೂರು ಪರೀಕ್ಷೆಗಳ ಪದ್ಧತಿ ಬಂದ ಮೇಲೆ "ಎರಡನೆಯದರಲ್ಲಿ ನೋಡಿಕೊಂಡರಾಯಿತು" ಎನ್ನುವವರೂ ಇದ್ದಾರೆ. ಒಂದು ಪತ್ರಿಕೆ ಕೈಕೊಟ್ಟವರಿಗೆ ಅದು ನಿಜವಾದ ಆಸರೆ, ಸಂಕೋಚಪಡದೆ ಬಳಸಿಕೊಳ್ಳಿ. ಆದರೆ ಜನವರಿಯ ಪಟ್ಟಿಯಲ್ಲಿ ಅದಕ್ಕೆ ಜಾಗ ಕೊಡಬೇಡಿ.

ಪರೀಕ್ಷೆಯ ಹಿಂದಿನ ರಾತ್ರಿಯ ಚೌಕದಲ್ಲಿ ಈಗಲೇ "ನಿದ್ರೆ" ಎಂದು ಬರೆದುಬಿಡಿ. ರಾತ್ರಿಯಿಡೀ ಎಚ್ಚರವಿದ್ದವರು ಗೊತ್ತಿದ್ದ ಸೂತ್ರವನ್ನೇ ತಲೆಕೆಳಗಾಗಿ ಬರೆದದ್ದನ್ನು ನಾನು ಬಹಳ ಸಲ ಕಂಡಿದ್ದೇನೆ. ಆ ಸಂಜೆ ಪ್ರವೇಶಪತ್ರ, ಎರಡು ಪೆನ್ನು, ಕಂಪಾಸ್ ಪೆಟ್ಟಿಗೆಯನ್ನು ಚೀಲಕ್ಕೆ ಹಾಕಿ, ಬೆಳಗಿನ ಬಸ್ಸಿನ ವೇಳೆಯನ್ನು ಮನೆಯಲ್ಲಿ ಇನ್ನೊಬ್ಬರಿಗೂ ಹೇಳಿ ಮಲಗಿ.