ಒಂದೇ ಮರದಲ್ಲಿ ಹಲವು ಗೂಡು: ನೀರುಹಕ್ಕಿಗಳ ಪೈಪೋಟಿ

(ರೈತರ ತರಬೇತಿ ಶಿಬಿರದಲ್ಲಿ ನೀಡಿದ ಉಪನ್ಯಾಸ)



ರಾಗಿ ಹೊಲದಲ್ಲಿ ಅಕ್ಕಡಿ ಸಾಲು ಹಾಕುವ ನಿಮಗೆ ಪೈಪೋಟಿ ಎಂಬುದು ಹೊಸ ವಿಷಯವಲ್ಲ. ರಾಗಿಯ ಬೇರು ಮೇಲ್ಮಣ್ಣಿನಲ್ಲಿ ಹರಡುತ್ತದೆ; ತೊಗರಿಯ ಬೇರು ಆಳಕ್ಕಿಳಿಯುತ್ತದೆ. ಆದುದರಿಂದ ಎರಡೂ ಒಂದೇ ಹೊಲದಲ್ಲಿ ಬಾಳುತ್ತವೆ. ಸಾಲು ಒತ್ತಾದರೆ ಮಾತ್ರ ಬೆಳಕಿಗಾಗಿ ಹೋರಾಟ ತಪ್ಪದು. ಒಂದೇ ಮರದಲ್ಲಿ ಗೂಡು ಕಟ್ಟುವ ನೀರುಹಕ್ಕಿಗಳ ಬಾಳುವೆಯೂ ಹೀಗೆಯೇ.

ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರನ್ನು ತೆಗೆದುಕೊಳ್ಳೋಣ. ಇಲ್ಲಿ ಹೆಜ್ಜಾರ್ಲೆ ಮತ್ತು ಬಣ್ಣದ ಕೊಕ್ಕರೆಗಳು ಊರೊಳಗಿನ ಹುಣಸೆ ಮತ್ತು ಆಲದ ಜಾತಿಯ ಮರಗಳಲ್ಲಿ ಗೂಡು ಕಟ್ಟುತ್ತವೆ. 2007ರಲ್ಲಿ ಇದನ್ನು ಸಮುದಾಯ ಮೀಸಲು ಪ್ರದೇಶವೆಂದು ಘೋಷಿಸಲಾಯಿತು.

ಆಹಾರದಲ್ಲಿ ಪೈಪೋಟಿ ಕಡಿಮೆ

ಎರಡೂ ಮೀನು ತಿನ್ನುವ ಹಕ್ಕಿಗಳೇ. ಆದರೆ ಹೆಜ್ಜಾರ್ಲೆ ಈಜುತ್ತಾ ಕೊಕ್ಕಿನ ಕೆಳಗಿನ ಚೀಲದಿಂದ ಮೀನು ಬಾಚುತ್ತದೆ. ಬಣ್ಣದ ಕೊಕ್ಕರೆ ಮೊಣಕಾಲುದ್ದದ ನೀರಿನಲ್ಲಿ ನಡೆಯುತ್ತಾ, ತೆರೆದ ಕೊಕ್ಕಿಗೆ ತಾಗಿದ ಮೀನನ್ನು ಹಿಡಿಯುತ್ತದೆ. ಬೇರೆ ಹಕ್ಕಿಧಾಮಗಳಲ್ಲಿ ಇವುಗಳ ನೆರೆಯಲ್ಲಿರುವ ನೀರುಕಾಗೆ ಮುಳುಗಿ ಹಿಡಿಯುತ್ತದೆ. ಇರುಳು ಬಕ ಹೆಚ್ಚಾಗಿ ರಾತ್ರಿಯಲ್ಲಿ ಮೇಯುತ್ತದೆ.

ಜಾಗಕ್ಕಾಗಿ ಪೈಪೋಟಿ ಹೆಚ್ಚು

ಬಕ, ಬೆಳ್ಳಕ್ಕಿಗಳು ಸೇರುವ ಮರಗಳಲ್ಲಿ ಸಾಮಾನ್ಯವಾಗಿ ದೊಡ್ಡ ಹಕ್ಕಿ ಮೇಲೆ, ಸಣ್ಣದು ಕೆಳಗೆ ಗೂಡು ಕಟ್ಟಿ ಮರವನ್ನು ಹಂಚಿಕೊಳ್ಳುತ್ತವೆ. ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳಿಗಾದರೋ ಎರಡಕ್ಕೂ ಮರದ ನೆತ್ತಿಯೇ ಬೇಕು. ಎರಡೂ ದೊಡ್ಡ ಹಕ್ಕಿಗಳು. ಹಾರಿ ಬಂದು ಇಳಿಯಲು ತೆರಪು ಬೇಕು. ಒಂದು ಗೂಡಿಗೂ ಇನ್ನೊಂದಕ್ಕೂ ನಡುವೆ ಕೊಕ್ಕು ಚಾಚಿದರೆ ತಾಗದಷ್ಟು ಅಂತರವೂ ಬೇಕು. ಕಾವಲಿಲ್ಲದ ಗೂಡಿನಿಂದ ನೆರೆಯ ಹಕ್ಕಿ ಕಡ್ಡಿ ಕದಿಯುವುದುಂಟು.

ಒಂದು ಮರ ಉರುಳಿದರೆ ಅದರಲ್ಲಿದ್ದ ಹಕ್ಕಿಗಳು ಉಳಿದ ಮರಗಳಿಗೆ ನುಗ್ಗುತ್ತವೆ. ಜಾಗ ಸಿಗದವು ಕೊಂಬೆಯ ತುದಿಯಲ್ಲಿ ಗೂಡು ಕಟ್ಟಿದರೆ ಗಾಳಿಗೆ ಮರಿಗಳು ಬೀಳುವ ಸಂಭವ ಹೆಚ್ಚು. ಬಿದ್ದ ಮರಿಗಳನ್ನು ಸಾಕಿ ಬಿಡುವ ಕೆಲಸವನ್ನು ಈ ಊರಿನ ಹೆಜ್ಜಾರ್ಲೆ ಬಳಗ ಮಾಡಿದೆ. ಆದರೆ ಪೈಪೋಟಿ ತಗ್ಗಬೇಕಾದರೆ ಮರವೇ ಹೆಚ್ಚಬೇಕು.

ಲಾಭ ಮತ್ತು ನಷ್ಟ

ಹುಣಸೆ ಕೊಯ್ಲಿನ ಕಾಲವೂ ಗೂಡಿನ ಕಾಲವೂ ಒಟ್ಟಿಗೇ ಬರುವುದರಿಂದ ಮರದ ಒಡೆಯರಿಗೆ ಫಸಲು ಕೈತಪ್ಪುತ್ತದೆ. ಇದಕ್ಕಾಗಿ ಅರಣ್ಯ ಇಲಾಖೆಯು ಪರಿಹಾರ ನೀಡುತ್ತಾ ಬಂದಿದೆ. ಇನ್ನೊಂದು ಪ್ರತಿಫಲ ಮರದ ಕೆಳಗೇ ಇದೆ. ಹಕ್ಕಿಯ ಹಿಕ್ಕೆಯಲ್ಲಿ ಸಾರಜನಕ, ರಂಜಕಗಳು ಹೇರಳವಾಗಿವೆ.

ರೈತರು ಗಮನಿಸಬೇಕಾದ ಅಂಶಗಳು

1. ಮರಿಗಳು ಹಾರಿಹೋಗುವವರೆಗೆ ಕೊಂಬೆ ಕಡಿಯಬಾರದು, ಕಾಯಿ ಬಡಿಯಬಾರದು.

2. ಹಳೆಯ ಮರ ಬೀಳುವವರೆಗೆ ಕಾಯದೆ ಹುಣಸೆ, ಅರಳಿ, ಆಲದ ಸಸಿಗಳನ್ನು ಈಗಲೇ ನೆಡಬೇಕು. ಗೂಡು ತಾಳುವಷ್ಟು ಬೆಳೆಯಲು ಬಹಳ ವರ್ಷಗಳು ಬೇಕು.

3. ಮರದಡಿ ಕೆರೆಗೋಡು ಹರಡಿ ಹಿಕ್ಕೆ ಬೀಳಲು ಬಿಡಿ. ಮಣ್ಣಿನೊಡನೆ ಬೆರೆತರೆ ಸಾರಜನಕದ ನಷ್ಟ ತಗ್ಗುತ್ತದೆ. ಹಸಿ ಹಿಕ್ಕೆ ಪೈರನ್ನು ಸುಡುವುದರಿಂದ ಕಳಿಸಿದ ನಂತರವೇ ಹೊಲಕ್ಕೆ ಹಾಕಬೇಕು.

4. ಕೀಟನಾಶಕದ ಡಬ್ಬಿ, ಸಿಂಪಡಣೆ ಯಂತ್ರಗಳನ್ನು ಕೆರೆಯಲ್ಲಿ ತೊಳೆಯಬಾರದು.

ಸಾಲಿನ ಅಂತರ ಕಾಯುವ ರೈತನಿಗೆ ಮರದ ಅಂತರದ ಬೆಲೆಯೂ ತಿಳಿದೀತು. ಹಕ್ಕಿಗಳ ಜಗಳ ಬಿಡಿಸುವುದು ನಮ್ಮಿಂದಾಗದು; ಮರ ಬೆಳೆಸುವುದು ನಮ್ಮ ಕೈಯಲ್ಲಿದೆ.