ಕಷ್ಟಕಾಲದಲ್ಲಿ ಸಣ್ಣ ವ್ಯಾಪಾರಿಯ ಧೈರ್ಯ

(ಪವಾಯಿಯ ಕನ್ನಡ ಬಂಧುಗಳ ಸಭೆಯಲ್ಲಿ ಮಾಡಿದ ಭಾಷಣ)



ಕಷ್ಟದ ದಿನಗಳಲ್ಲಿ ಸಣ್ಣ ವ್ಯಾಪಾರಿಯು ತನ್ನ ಉತ್ಸಾಹವನ್ನು ಉಳಿಸಿಕೊಳ್ಳುವುದು ಹೇಗೆ ಎಂಬುದನ್ನು ಕುರಿತು ನಾಲ್ಕು ಮಾತುಗಳನ್ನಾಡಬೇಕೆಂದು ಸಂಘದ ಹಿರಿಯರು ಅಪ್ಪಣೆ ಮಾಡಿದ್ದಾರೆ. ನಾನು ವ್ಯಾಪಾರಿಯಲ್ಲ, ಬ್ಯಾಂಕಿನ ಗುಮಾಸ್ತ. ಕೌಂಟರಿನ ಒಳಗೆ ಕುಳಿತು ವ್ಯಾಪಾರಿಗಳನ್ನು ದಿನವೂ ನೋಡುವವನು. ನನ್ನ ಅಧಿಕಾರವೆಲ್ಲ ಅಷ್ಟೇ.

ಈ ಮುಂಬಯಿಯಲ್ಲಿ ನಮ್ಮವರ ಬದುಕು ಬಹುಮಟ್ಟಿಗೆ ಸಣ್ಣ ವ್ಯಾಪಾರದ ಮೇಲೆ ಬೆಳೆಯಿತೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ಹಗಲು ಹೋಟೆಲಿನಲ್ಲಿ ಕಪ್ಪು ಬಸಿ ತೊಳೆದು, ಸಂಜೆ ರಾತ್ರಿಶಾಲೆಯಲ್ಲಿ ಓದಿ, ಮುಂದೆ ತಾವೇ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತವರ ಮಕ್ಕಳು ಮೊಮ್ಮಕ್ಕಳು ಈ ಸಭೆಯಲ್ಲಿದ್ದಾರೆ. ಆ ಕತೆಗಳನ್ನು ನಾವು ಅಭಿಮಾನದಿಂದ ಹೇಳಿಕೊಳ್ಳುತ್ತೇವೆ. ಆದರೆ ಅಂಗಡಿಗೆ ಕೆಟ್ಟ ಕಾಲ ಬಂದಾಗ ಏನಾಯಿತೆಂಬುದನ್ನು ಮಾತ್ರ ಯಾರೂ ಹೇಳುವುದಿಲ್ಲ.

ಕಷ್ಟಕ್ಕೆ ಸಿಕ್ಕಿದ ವ್ಯಾಪಾರಿಯನ್ನು ಬ್ಯಾಂಕಿನವರು ಬೇಗ ಗುರುತಿಸುತ್ತಾರೆ. ದಿನವೂ ಹಣ ಕಟ್ಟಲು ಬರುತ್ತಿದ್ದವನು ವಾರಕ್ಕೊಮ್ಮೆ ಬರತೊಡಗುತ್ತಾನೆ. ಆಮೇಲೆ ಹುಡುಗನನ್ನು ಕಳುಹಿಸುತ್ತಾನೆ. ಕೊನೆಗೆ ಫೋನನ್ನೂ ಎತ್ತುವುದಿಲ್ಲ. ಅವನು ಸೋಮಾರಿಯಲ್ಲ, ಮೋಸಗಾರನೂ ಅಲ್ಲ, ಅವನಿಗೆ ನಾಚಿಕೆ. ಇಂಥವನಿಗೆ ‘ಧೈರ್ಯಗೆಡಬೇಡ’ ಎಂದು ಉಪದೇಶ ಮಾಡಿ ಫಲವಿಲ್ಲ. ಧೈರ್ಯ ಮೊದಲು ಬಂದು ಕೆಲಸ ಆಮೇಲೆ ನಡೆಯುವುದೆಂದು ನಾವು ಭಾವಿಸಿದ್ದೇವೆ. ನನಗೆ ತೋರುವುದು ಬೇರೆ: ಇಂದು ಮಾಡಿ ಮುಗಿಸಬಹುದಾದ ಒಂದು ಸಣ್ಣ ಕೆಲಸ ಕೈಗೆ ಸಿಕ್ಕಿದರೆ, ಧೈರ್ಯ ಅದರ ಹಿಂದೆ ತಾನಾಗಿ ಬರುತ್ತದೆ.

ಇದಕ್ಕೆ ನಮ್ಮ ಕರಾವಳಿಯಲ್ಲೇ ಒಂದು ನಿದರ್ಶನವಿದೆ. 1920ರ ದಶಕದಲ್ಲಿ ಉಡುಪಿಯ ಕಡೆಯ ಕೈಮಗ್ಗದ ನೇಕಾರರು ಕೆಲಸವಿಲ್ಲದೆ ಕಂಗೆಟ್ಟಿದ್ದರು. ಅವರಿಗೆ ನೆರವಾಗಬೇಕೆಂದು ವ್ಯಾಪಾರಿ ಉಪೇಂದ್ರ ಪೈ, ಎಂಜಿನಿಯರ್ ವಾಮನ ಕುಡ್ವ, ವೈದ್ಯ ಟಿ. ಎಂ. ಎ. ಪೈ, ಈ ಮೂವರು 1925ರಲ್ಲಿ ಎಂಟು ಸಾವಿರ ರೂಪಾಯಿಗಳ ಬಂಡವಾಳದಿಂದ ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟನ್ನು ಸ್ಥಾಪಿಸಿದರು. 1928ರಲ್ಲಿ ಅದು ಪಿಗ್ಮಿ ಠೇವಣಿಯನ್ನು ಆರಂಭಿಸಿತು. ಏಜೆಂಟರು ದಿನವೂ ಮನೆಬಾಗಿಲಿಗೆ ಬಂದು ಎರಡಾಣೆಯನ್ನಾದರೂ ಪಡೆದು ಹೋಗುತ್ತಿದ್ದರು. ಮುಂದೆ ಸಿಂಡಿಕೇಟ್ ಬ್ಯಾಂಕೆಂದು ಹೆಸರಾದ ಆ ಸಂಸ್ಥೆ 1969ರಲ್ಲಿ ರಾಷ್ಟ್ರೀಕರಣಗೊಂಡು, 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಎರಡಾಣೆಯಿಂದ ಯಾರ ಸಾಲವೂ ತೀರದು ನಿಜ. ಆದರೆ ದಿನವೂ ಎರಡಾಣೆ ತೆಗೆದಿಟ್ಟವನು ‘ಇಂದು ಪೂರ್ತಿ ಸೋಲಲಿಲ್ಲ’ ಎಂದು ತಿಳಿದು ಮಲಗುತ್ತಾನೆ. ಹನಿಗೂಡಿದರೆ ಹಳ್ಳವಾಗುವುದು ಆಮೇಲಿನ ಮಾತು. ಹನಿಯಿಂದ ಮೊದಲು ನೆನೆಯುವುದು ಒಣಗಿದ ಮನಸ್ಸು.

ಎರಡನೆಯ ಮಾತು, ಇದ್ದುದರಲ್ಲಿ ಬೇರೇನು ಮಾಡಬಹುದೆಂದು ನೋಡುವುದು. 1942ರಲ್ಲಿ ಬರ್ಮಾ ಜಪಾನೀಯರ ವಶವಾಗಿ ಅಲ್ಲಿಂದ ಬರುತ್ತಿದ್ದ ಅಕ್ಕಿ ನಿಂತಿತು. ಅಕ್ಕಿಗೆ ಬರ ಬಂದ ಆ ಯುದ್ಧದ ದಿನಗಳಲ್ಲಿ ರವೆಯಿಂದ ಇಡ್ಲಿ ಮಾಡಿ ನೋಡಿದೆವು, ರವೆ ಇಡ್ಲಿ ಹುಟ್ಟಿದ್ದು ಹಾಗೆ ಎಂದು ಬೆಂಗಳೂರಿನ ಮಾವಳ್ಳಿ ಟಿಫನ್ ರೂಮಿನವರು ಹೇಳುತ್ತಾರೆ. 1975ರ ತುರ್ತುಪರಿಸ್ಥಿತಿಯಲ್ಲಿ ಹೋಟೆಲಿನ ತಿಂಡಿಗೆ ತೀರ ಕಡಿಮೆ ಬೆಲೆ ಕಟ್ಟಿದಾಗ, ಗುಣವನ್ನು ಕೆಡಿಸಲಾರದೆ ಅವರು ಸಿದ್ಧ ಆಹಾರದ ಪೊಟ್ಟಣಗಳ ವ್ಯಾಪಾರಕ್ಕೆ ಇಳಿದರು. ಇಂದು ಪರದೇಶದಲ್ಲಿರುವ ನಮ್ಮ ಮಕ್ಕಳ ಅಡುಗೆಮನೆಯಲ್ಲೂ ಆ ಪೊಟ್ಟಣಗಳಿವೆ.

ಆದರೆ ಎಲ್ಲರ ಕತೆಯೂ ಹೀಗೆ ಮುಗಿಯುತ್ತದೆಂದು ಹೇಳಿದರೆ ನಿಮಗೆ ವಂಚನೆ ಮಾಡಿದಂತಾದೀತು. 1982ರ ಜನವರಿ 18ರಂದು ಈ ನಗರದ ಬಟ್ಟೆಗಿರಣಿಗಳ ಮುಷ್ಕರ ತೊಡಗಿತು. ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಹೊರಗುಳಿದರು; ಅನೇಕ ಗಿರಣಿಗಳು ಮತ್ತೆ ಏಳಲೇ ಇಲ್ಲ. ಪಾಳಿ ಬಿಟ್ಟು ಬರುವ ಕಾರ್ಮಿಕರನ್ನೇ ನಂಬಿ ಗಿರಣಿಯ ಬಾಗಿಲೆದುರು ಚಹಾದ ಅಂಗಡಿ ಇಟ್ಟವನು ಎಷ್ಟು ಧೈರ್ಯಶಾಲಿಯಾದರೇನು? ಗಿರಾಕಿಯೇ ಊರಿಗೆ ಹೋಗಿದ್ದ. ಅಂಥಲ್ಲಿ ಅಂಗಡಿ ಮುಚ್ಚುವುದು ಹೇಡಿತನವಲ್ಲ. ಊರಿನ ಮದುವೆಯಲ್ಲಿ, ದೈವದ ಕೋಲದಲ್ಲಿ ತಲೆ ತಗ್ಗಬಾರದೆಂದು ಮನೆಯಾಕೆಯ ಬಳೆಯನ್ನು ಅಡವಿಟ್ಟು ಮುಳುಗುವ ಅಂಗಡಿಗೆ ಹಣ ಸುರಿಯುವುದೇ ಅಪಾಯ. ಅಂಗಡಿ ಹೋದರೆ ಇನ್ನೊಂದು ಆದೀತು. ಮನೆ ಹೋದರೆ ಆಗದು.

ಇತ್ತೀಚಿನ ಮಾತಿಗೆ ಬರೋಣ. 2020ರ ಮಾರ್ಚಿಯಲ್ಲಿ ನಮ್ಮ ಪವಾಯಿ ಹೇಗಿತ್ತೆಂಬುದು ನಿಮ್ಮೆಲ್ಲರ ನೆನಪಿನಲ್ಲಿದೆ. ಐ.ಐ.ಟಿ.ಯ ವಿದ್ಯಾರ್ಥಿಗಳು ಊರಿಗೆ ಹೋದರು. ಹೀರಾನಂದಾನಿಯ ಕಚೇರಿಗಳು ಬರಿದಾದವು. ಹೋಟೆಲುಗಳಲ್ಲಿ ಕುಳಿತು ತಿನ್ನಲು ಸರಕಾರದ ಅನುಮತಿ ಮರಳಿದ್ದು ಅಕ್ಟೋಬರ್ 5ರಂದು, ಅದೂ ಅರ್ಧ ಜಾಗಕ್ಕೆ ಮಾತ್ರ. ಆಗ ರಿಸರ್ವ್ ಬ್ಯಾಂಕು ಸಾಲದ ಕಂತುಗಳನ್ನು ಆರು ತಿಂಗಳವರೆಗೆ ಮುಂದೂಡಲು ಅವಕಾಶ ಕೊಟ್ಟಿತು. ಕಂತು ನಿಂತಿತೇ ಹೊರತು ಬಡ್ಡಿ ನಿಲ್ಲಲಿಲ್ಲ. ಐದು ಲಕ್ಷದ ಸಾಲಕ್ಕೆ ವರ್ಷಕ್ಕೆ ಶೇಕಡ 12ರಂತೆ ತಿಂಗಳಿಗೆ 5,000 ರೂಪಾಯಿ ಬಡ್ಡಿ. ಆರು ತಿಂಗಳಿಗೆ 30,000. ಕೇಳಿ ತಿಳಿದವನು ಕೈಲಾದಷ್ಟು ಬಡ್ಡಿಯನ್ನಾದರೂ ಕಟ್ಟಿಕೊಂಡು ಬಂದ. ನಾಚಿ ಮನೆಯಲ್ಲಿ ಕುಳಿತವನಿಗೆ ಸೆಪ್ಟೆಂಬರಿನಲ್ಲಿ ಸಾಲದ ಮೊತ್ತ ಕಂಡು ಎದೆ ಒಡೆಯಿತು. ಇಬ್ಬರಲ್ಲಿದ್ದ ಅಂತರ ಹಣದ್ದಲ್ಲ, ಒಂದು ಪ್ರಶ್ನೆಯದು.

ಆದುದರಿಂದ, ಬಂಧುಗಳೆ, ಗುಮಾಸ್ತನ ಬುದ್ಧಿಗೆ ತೋಚಿದ ನಾಲ್ಕು ಕೆಲಸಗಳನ್ನು ಹೇಳಿ ಮುಗಿಸುತ್ತೇನೆ. ಒಂದು, ಎಷ್ಟೇ ನಷ್ಟವಿರಲಿ, ರಾತ್ರಿ ಬಾಗಿಲು ಹಾಕುವ ಮುನ್ನ ಬಂದದ್ದು, ಹೋದದ್ದು, ಕೊಡಬೇಕಾದದ್ದು, ಈ ಮೂರನ್ನು ಬರೆಯಿರಿ. ಬರೆಯದ ಸಾಲ ಕತ್ತಲೆಯಲ್ಲಿ ಕಂಡ ಹಗ್ಗದಂತೆ, ಹಾವಾಗಿ ಹೆದರಿಸುತ್ತದೆ. ಎರಡು, ಮನೆಯ ಖರ್ಚಿಗೆ ತಿಂಗಳಿಗಿಷ್ಟೆಂದು ನಿಮಗೆ ನೀವೇ ಸಂಬಳ ಗೊತ್ತುಮಾಡಿಕೊಳ್ಳಿ. ಗಲ್ಲಾಪೆಟ್ಟಿಗೆಯನ್ನು ಜೇಬೆಂದು ತಿಳಿಯಬೇಡಿ. ಮೂರು, ಕಂತು ತಪ್ಪುವುದೆಂದು ಕಂಡೊಡನೆ ಬ್ಯಾಂಕಿಗೂ ಜಾಗದ ಮಾಲಿಕನಿಗೂ ಸಾಮಾನು ಕೊಡುವವನಿಗೂ ಮೊದಲೇ ಹೋಗಿ ಹೇಳಿ. ವಾಯಿದೆಗೆ ಮುಂಚೆ ಬಂದವನೊಡನೆ ಮಾತು ನಡೆಯುತ್ತದೆ. ತಪ್ಪಿದ ಮೇಲೆ ನೋಟೀಸು ನಡೆಯುತ್ತದೆ. ನಾಲ್ಕು, ಮನೆಯವರಿಗೆ ಹೇಳಿ. ಸಂಗತಿ ಗೊತ್ತಿಲ್ಲದ ಹೆಂಡತಿ ಮಕ್ಕಳು ಸುಖವಾಗಿರುವುದಿಲ್ಲ, ಬರಿದೆ ಭಯದಲ್ಲಿರುತ್ತಾರೆ.

ಸಂಘದಲ್ಲಿಯೂ ಒಂದು ವಿಜ್ಞಾಪನೆ. ನಮ್ಮಲ್ಲಿ ಬ್ಯಾಂಕಿನವರಿದ್ದಾರೆ, ಲೆಕ್ಕಪರಿಶೋಧಕರಿದ್ದಾರೆ, ವಕೀಲರಿದ್ದಾರೆ. ತಿಂಗಳಿಗೊಂದು ಭಾನುವಾರ ಸಂಜೆ ಎರಡು ಗಂಟೆ ಒಂದು ಮೇಜು ಹಾಕಿ ಕುಳಿತುಕೊಳ್ಳೋಣ. ಕಷ್ಟದಲ್ಲಿರುವ ನಮ್ಮವನು ತನ್ನ ಲೆಕ್ಕದ ಪುಸ್ತಕವನ್ನು ತಂದು, ಯಾರೂ ನಗುವುದಿಲ್ಲವೆಂಬ ನಂಬಿಕೆಯಿಂದ, ತನ್ನ ಭಾಷೆಯಲ್ಲಿ ತನ್ನ ಸಂಕಟವನ್ನು ಹೇಳಿಕೊಳ್ಳಲಿ. ರಾಜ್ಯೋತ್ಸವದಂದು ಕನ್ನಡವನ್ನು ಹಾಡಿ ಹೊಗಳುವುದು ಸರಿಯೇ. ಹೊರನಾಡಿನಲ್ಲಿ ಅದು ಇಂಥ ಕೆಲಸಕ್ಕೂ ಒದಗಬೇಕು. ಮೊದಲನೆಯ ಭಾನುವಾರ ಆ ಮೇಜಿನ ಬಳಿ ಕುಳಿತುಕೊಳ್ಳಲು ನಾನು ಸಿದ್ಧನಿದ್ದೇನೆ.

 ಸಿರಿಗನ್ನಡಂ ಗೆಲ್ಗೆ.